ಮೇಷ್ಟ್ರು ಇಳಿಸಿದ ಶ್ರುತಿ

ಪ್ರಾರ್ಥನಾ ವೃಂದದ ಮೇಷ್ಟ್ರಿಗೆ ಧ್ವನಿಮುದ್ರಣದ ದಿನ ಮೂಗಿನ ತುದಿಯಲ್ಲೇ ಕೋಪ. ಲಯ ಕೂದಲೆಳೆಯಷ್ಟು ಓಡಿದರೂ, "ದೇವರನ್ನ ಕರೀತಿದೀರೋ, ಬಸ್ ಹಿಡಿಯೋಕೆ ಓಡ್ತಿದೀರೋ?" ಎನ್ನುತ್ತಾರೆ; ದನಿ ಏರಿದರೆ, "ಅವನ ಕಿವಿ ನೆಟ್ಟಗಿದೆ, ಕಿರುಚಬೇಡಿ!" ಬೆಂಚು ಕಿರ್ ಎಂದರೂ ಸಾಕು, ಮತ್ತೆ ಮೊದಲಿಂದ. ಯಾರು ಗೋಗರೆದರೂ ಶ್ರುತಿ ಇಳಿಸದ ಇಂಥ ಮನುಷ್ಯ ಈ ಸಲ ತಾವಾಗಿಯೇ ಇಳಿಸಿದಾಗ ಹಾಡುವವರೆಲ್ಲ ಮುಖಮುಖ ನೋಡಿಕೊಂಡರು. ತಮ್ಮ ಹೆಂಡತಿ ಗಂಟಲಿನ ಆಪರೇಷನ್ ಆದಮೇಲೆ ಹಿಂದಿನ ಸಾಲಿನಲ್ಲಿ ಬರೀ ತುಟಿಯಾಡಿಸುತ್ತಿದ್ದುದು ಮೇಷ್ಟ್ರಿಗೊಬ್ಬರಿಗೇ ಗೊತ್ತಿತ್ತು. ಹಾಡು ಮುಗಿಯುವ ಹೊತ್ತಿಗೆ ಯಾರೋ ಕೆಮ್ಮಿದರು. "ಮತ್ತೆ ಮೊದಲಿಂದಾನಾ ಸಾರ್?" ಎಂದ, ಮುದ್ರಿಸುತ್ತಿದ್ದವನು. ಮೇಷ್ಟ್ರು ಹೆಡ್‌ಫೋನನ್ನು ಕಿವಿಗೊತ್ತಿಕೊಂಡು ಕೇಳಿದರು. ಎಲ್ಲರ ದನಿಗಳ ಅಡಿಯಲ್ಲಿ ಒಡಕಾದರೂ ಹೆಂಡತಿಯ ದನಿ ಇತ್ತು. ಎದೆಯ ಮೇಲಿನ ಕಲ್ಲು ಇಳಿದಂತೆ ಉಸಿರುಬಿಟ್ಟರು. "ಬೇಡಪ್ಪ. ಕೆಮ್ಮೂ ಅವಳದೇ, ಇರ್ಲಿ."