ಮಾವ ಬದಲಿಸಿದ ತೀರ್ಪು

ಮೂವತ್ತೈದು ವರ್ಷ ನಾನು ಒಬ್ಬ ನಿರಪರಾಧಿಯನ್ನು ಕೊಲೆಗಾರ ಎಂದೇ ನಂಬಿದ್ದೆ. ಪಾಪ, ಅವನೊಬ್ಬ ಮ್ಯಾನೇಜರ್.

ಗಾಬರಿಯಾಗಬೇಡಿ, ಇದು ಟಿವಿಯಲ್ಲಿ ನಡೆದ ಕೊಲೆ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ನಮ್ಮ ಸಾಲಿಗೆಲ್ಲ ಒಂದೇ ಟಿವಿ, ಅದೂ ನನ್ನ ಸೋದರಮಾವನ ಮನೆಯಲ್ಲಿ. ವಾರಕ್ಕೊಂದು ಸಂಜೆ ಹಿಂದಿಯ ಕೋರ್ಟ್ ಸೀರಿಯಲ್. ಒಂದು ಕೊಲೆ, ಒಬ್ಬ ಕರಿಕೋಟಿನ ವಕೀಲ, ಕೊನೆಯ ಐದು ನಿಮಿಷದಲ್ಲಿ ಕಟಕಟೆಯಲ್ಲೇ ಸಿಕ್ಕಿಬೀಳುವ ಅಪರಾಧಿ. ಚಾಪೆ ತುಂಬ ಜನ. ಹಿಂದಿ ಮಾತ್ರ ಯಾರಿಗೂ ಬಾರದು.

ಮಾವ ಟ್ರೈನಿಂಗಿಗೆಂದು ಆರು ತಿಂಗಳು ಉತ್ತರದ ಕಡೆ ಇದ್ದು ಬಂದವರು. ಹಾಗಾಗಿ ಟಿವಿ ಪಕ್ಕ ಕುರ್ಚಿ ಹಾಕಿಕೊಂಡು ಎಲ್ಲವನ್ನೂ ಕನ್ನಡದಲ್ಲಿ ಹೇಳುವ ಕೆಲಸ ಅವರದು. (ಅವರು ಕೆಮ್ಮಿದರೆ ನಮಗೆ ಕಥೆಯೇ ನಿಂತುಹೋಗುತ್ತಿತ್ತು.)

ಕಳೆದ ವಾರ ಶಿವಮೊಗ್ಗದ ನಮ್ಮ ಮನೆಯಲ್ಲಿ ಬಟ್ಟೆ ಮಡಚುತ್ತಾ ಯೂಟ್ಯೂಬ್ ಹಾಕಿದರೆ ಅದೇ ಎಪಿಸೋಡ್! ಶ್ರೀಮಂತನೊಬ್ಬ ಹಾಲು ಕುಡಿದು ಸಾಯುತ್ತಾನೆ. ವಿಷ ಹಾಕಿದ್ದು ಮ್ಯಾನೇಜರ್ ಎಂದು ನನಗೆ ಗೊತ್ತಲ್ಲ, ಆರಾಮಾಗಿ ನೋಡಿದೆ. (ಈಗ ನನಗೂ ಸಾಕಷ್ಟು ಹಿಂದಿ ಬರುತ್ತದೆ.) ಕೊನೆಗೆ ನೋಡಿದರೆ ಕೊಂದವಳು ಹೆಂಡತಿ! ಕಟಕಟೆಯಲ್ಲಿ ಅಳುತ್ತಾ ಒಪ್ಪಿಕೊಳ್ಳುತ್ತಾಳೆ.

ಅಂದು ಮಾವ ಹೇಳಿದ್ದೇನು? “ಮ್ಯಾನೇಜರೇ ವಿಷ ಹಾಕಿದ್ದು.” ಹೆಂಡತಿ ಅತ್ತಾಗ? “ಪಾಪ, ಗಂಡನ್ನ ನೆನೆಸ್ಕೊಂಡು ಅಳ್ತಿದಾಳೆ.” ಪೊಲೀಸರು ಅವಳನ್ನು ಜೀಪಿಗೆ ಹತ್ತಿಸಿದಾಗ? “ಮನೆ ತನಕ ಬಿಟ್ಟು ಬರ್ತಾರೆ. ಒಳ್ಳೆ ಜನ.”

ನಕ್ಕೂ ನಕ್ಕೂ ಸಾಕಾಯಿತು. ಮಾವನಿಗೆ ಹಿಂದಿಯ ಗಂಧಗಾಳಿಯೂ ಇರಲಿಲ್ಲ ಎಂದು ಸಾಬೀತು ಮಾಡಲೇಬೇಕಲ್ಲ? ಭಾನುವಾರ ಭದ್ರಾವತಿ ಬಸ್ಸು ಹತ್ತಿದೆ. ಸಾಲದ್ದಕ್ಕೆ, ಆಗ ಅವರ ಪಕ್ಕದ ಮನೆಯಲ್ಲಿದ್ದ ಸೆಲ್ವಿಯಕ್ಕನಿಗೂ ಫೋನ್ ಮಾಡಿ, “ಮಾವನ ಮನೆಗೆ ಬನ್ನಿ, ಹಳೇ ಸೀರಿಯಲ್ ತೋರಿಸ್ತೀನಿ” ಎಂದೆ.

ವಿಷಯ ಕೇಳಿದ್ದೇ ಎಂಬತ್ತರ ಮಾವನ ಮುಖ ಸಣ್ಣದಾಯಿತು.

“ಸೆಲ್ವಿನೂ ಕರೆದ್ಯಾ? ಎಂಥಾ ಕೆಲಸ ಮಾಡಿದೆ ಮಾರಾಯ್ತಿ! ನಂಗೆ ಹಿಂದಿ ಚೆನ್ನಾಗೇ ಬರ್ತಿತ್ತು ಕಣೇ. ಆಗ ಅವಳ ಗಂಡ ಹೋಗಿ ಮೂರು ತಿಂಗಳು. ಗಂಡನ್ನ ನುಂಗ್ಕೊಂಡೋಳು ಅಂತ ಅವಳತ್ತೆ ಬೀದೀಲಿ ನಿಂತು ಬಯ್ಯೋರು. ಆ ಅತ್ತೆನೂ ಅವತ್ತು ಚಾಪೆ ಮೇಲೆ ಕೂತಿದ್ರು. ಹೆಂಡ್ತಿನೇ ಕೊಂದಳು ಅಂತ ಯಾವ ಬಾಯಲ್ಲಿ ಹೇಳ್ಲಿ?”

ನನ್ನ ಹುಮ್ಮಸ್ಸೆಲ್ಲ ಇಳಿದುಹೋಯಿತು. ನಾಚಿಕೆಯೂ ಆಯಿತು. ಎಪಿಸೋಡ್ ಸಿಗುತ್ತಿಲ್ಲ ಎಂದು ಹೇಳಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ಸೆಲ್ವಿಯಕ್ಕ ಕನ್ನಡಕ ಒರೆಸಿಕೊಳ್ಳುತ್ತಾ ಬಂದೇಬಿಟ್ಟರು. “ಎಲ್ಲಿ, ಹಾಕಮ್ಮ ನೋಡೋಣ. ಅದಕ್ಕೇ ಬೇಗ ಬೇಗ ಬಂದೆ.”

ಹಾಕದೆ ವಿಧಿಯಿಲ್ಲ. ಮಾವ ಕುರ್ಚಿ ಎಳೆದುಕೊಂಡು ಟಿವಿ ಪಕ್ಕ ಕೂತರು. ಕನ್ನಡದಲ್ಲಿ ಶುರು ಮಾಡಿಯೇಬಿಟ್ಟರು. ಕಟಕಟೆ ಬಂತು. ಹೆಂಡತಿ ಅತ್ತಳು. ಮಾವ ಹಳೇ ಮಾತನ್ನೇ ಎತ್ತಿದರು. “ಪಾಪ, ಗಂಡನ್ನ ನೆನೆಸ್ಕೊಂಡು...”

ಸೆಲ್ವಿಯಕ್ಕ ಗೊಳ್ಳೆಂದು ನಕ್ಕರು. “ಅಣ್ಣಾ, ಇಷ್ಟು ವರ್ಷ ಹಿಂದಿ ಸೀರಿಯಲ್ ನೋಡಿ ನೋಡಿ ನಂಗೂ ಹಿಂದಿ ಬರುತ್ತೆ.”

ಮಾವ ತಲೆ ತಗ್ಗಿಸಿದರು. ನಾನು ರಿಮೋಟ್ ಹುಡುಕಿದೆ.

“ಯಾಕೆ ನಿಲ್ಸಿದ್ರಿ?” ಸೆಲ್ವಿಯಕ್ಕನ ಕಣ್ಣು ಒದ್ದೆಯಾಗಿತ್ತು, ನಗು ಹಾಗೇ ಇತ್ತು. “ಅವತ್ತು ಇದನ್ನ ಕೇಳಿ ಮನೆಗೆ ಹೋದ್ಮೇಲೆ ನಮ್ಮತ್ತೆ ಒಂದು ಮಾತೂ ಬಯ್ಲಿಲ್ಲ. ತಾವೇ ತಟ್ಟೆ ಇಟ್ಟು ಊಟ ಬಡಿಸಿದ್ರು ಅಣ್ಣಾ. ನಿಮ್ಮ ಕಥೆನೇ ಚೆನ್ನಾಗಿರೋದು. ಮುಂದೆ ಹೇಳಿ.”

ಮಾವ ಗಂಟಲು ಸರಿಮಾಡಿಕೊಂಡು ಮುಂದುವರಿಸಿದರು.

ಈಗ ಹೇಳಿ, ಇಂಥ ಸುಳ್ಳಿಗೆ ನೀವು ಯಾವ ಸೆಕ್ಷನ್ ಹಾಕುತ್ತೀರಿ?