ಅರ್ಧ ಬೆರಳಿನ ಜರ್ಮನ್

ನಮಗೆ ಜರ್ಮನ್ ಕಲಿಸುತ್ತಿದ್ದ ಕಾಕಾ ಅವರ ಬಲಗೈ ತೋರುಬೆರಳು ಅರ್ಧವೇ ಇತ್ತು. ಉಳಿದರ್ಧ ಕಾರ್ಖಾನೆಯ ಯಂತ್ರವೊಂದಕ್ಕೆ ಹೋಗಿತ್ತು. ಆ ಬೆರಳನ್ನು ನಕಲು ಮಾಡಲೆಂದು ಕನ್ನಡಿಯ ಮುಂದೆ ನನ್ನ ಬೆರಳು ಮಡಚಿ ಅಭ್ಯಾಸ ಮಾಡಿದ ಮೂರ್ಖ ನಾನು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಜರ್ಮನಿಯಲ್ಲಿ ಫಿಟರ್ ತರಬೇತಿಗೆ ನನಗೆ ಸೀಟು ಬೇಕಿತ್ತು. ಅದಕ್ಕೆ ಭಾಷೆಯ ಮೌಖಿಕ ಪರೀಕ್ಷೆ. ಒಮ್ಮೆ ಡುಮ್ಕಿ ಹೊಡೆದಾಗಿತ್ತು. ಉಳಿದದ್ದು ಒಂದೇ ಅವಕಾಶ. ಹಾಗಾಗಿ ಪ್ರತಿ ಭಾನುವಾರ ನಾಸಿಕದಿಂದ ಬಸ್ಸು ಹಿಡಿದು ಸಂಭಾಜಿನಗರದ ಅವರ ಪಡಸಾಲೆಯ ಪಾಠಕ್ಕೆ ಹೋಗುತ್ತಿದ್ದೆ. ಅಲ್ಲಿನ ಬೆಂಚುಗಳಲ್ಲಿ ನನ್ನಂಥ ಇನ್ನೂ ನಾಲ್ಕೈದು ಹುಡುಗರಿರುತ್ತಿದ್ದರು. ಬೀದರಿನ ಈ ನಿವೃತ್ತ ಫಿಟರ್‌ಗೆ ಜರ್ಮನ್ ಹೇಗೆ ಬಂತೋ ಯಾರಿಗೂ ಗೊತ್ತಿರಲಿಲ್ಲ. ಯಂತ್ರಕ್ಕೆ ಕಿವಿಗೊಟ್ಟೇ ಕಲಿತರು ಎನ್ನುತ್ತಿದ್ದರು ಹಳೆಯ ಜೊತೆಗಾರರು, ನಾನು ನಂಬಿದ್ದೆ.

ಒಂದಿಡೀ ಭಾನುವಾರ ‘ಆಲ್ಟ್’ ಎಂಬ ಒಂದೇ ಪದ. ಹಳೆಯ ಎಂದರ್ಥ.

“ನಮ್ಮ ಕನ್ನಡದಾಗ ಹಳೇ ಮನಷಾ, ಹಳೇ ಮಷೀನು, ಹಳೇ ಮನಿ, ಎಲ್ಲಾಕೂ ಒಂದೇ ಹಳೇ. ಮರಾಠಿದಾಗ ನೋಡು, ಜುನಾ, ಜುನೀ, ಜುನೇ. ಹಂಗೇ ಅದ ಇದು. ಒಬ್ಬ ಮನಷಾ ಆಲ್ಟರ್, ಒಂದು ಮಷೀನು ಆಲ್ಟೆ, ಒಂದು ಮನಿ ಆಲ್ಟೆಸ್. ಅವರಲ್ಲಿ ಮಷೀನು ಹೆಣ್ಣದ ತಮ್ಮಾ, ಮರ್ಯಾದಿಲೆ ಮಾತಾಡ್ಸು.”

ಪ್ರತಿ ರೂಪಕ್ಕೂ ಅರ್ಧ ಬೆರಳಿನಿಂದ ಮೇಜಿಗೊಂದು ಟಕ್, ಹಿಂದೆಯೇ ಒಂದು ಕೆಮ್ಮು. “ನಿನ್ನೆ ಹುಟ್ಟಿದ ಕೂಸಿಗೂ ‘ಒಂದು ದಿನ ಆಲ್ಟ್’ ಅಂತಾರ ಅವರು,” ಎಂದರು ಕೊನೆಗೆ. ಎಲ್ಲರನ್ನೂ ಅಣಕಿಸುವ ನಾನು ಆ ಕ್ಷಣ ಬಾಯಿ ತೆರೆದು ಕೂತಿದ್ದೆ.

ಮುಂದಿನ ವಾರ ಅವರು ಮೊಸರು ತರಲು ಹೋದಾಗ, ಅವರ ಓದುವ ಕನ್ನಡಕ ಏರಿಸಿಕೊಂಡು ಪಾಠ ಶುರುಮಾಡಿದೆ. ಆಲ್ಟರ್, ಟಕ್, ಕೆಮ್ಮು. ನಗುತ್ತಿದ್ದ ಹುಡುಗರು ತಟಕ್ಕನೆ ಪುಸ್ತಕಕ್ಕೆ ತಲೆ ಹಾಕಿದರು. ಬಾಗಿಲಲ್ಲಿ ಕಾಕಾ.

ಬೈಯಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಕೈ ಎತ್ತಿದರು. “ಸರ್, ‘ಆ ಹಳೇ ಮಷೀನಿನ ಜೋಡಿ’ ಅಂದ್ರ ಹ್ಯಾಂಗ್ರಿ?”

“ಆಲ್ಟೆನ್,” ಎಂದೆ ಅವರದೇ ದನಿಯಲ್ಲಿ. ಟಕ್, ಕೆಮ್ಮು. ನನ್ನ ದನಿಯಲ್ಲಿ ಒಮ್ಮೆಯೂ ಸರಿಯಾಗಿ ಬರದಿದ್ದ ಉತ್ತರ ಅದು.

“ನಡೀಲಿ ಸರ್,” ಎಂದರು. ಪಾಠ ಮುಗಿಯುವವರೆಗೂ ಬೆಂಚು ಬಿಟ್ಟೇಳಲಿಲ್ಲ.

ಪರೀಕ್ಷೆಯ ದಿನ ಪರೀಕ್ಷಕಿಯ ಎದುರು ನನ್ನ ದನಿಯಲ್ಲಿ ಆಲ್ಟರ್, ಆಲ್ಟೆ ಎಲ್ಲ ಕಲಸಿಹೋದವು. ಮೇಜಿನ ಕೆಳಗೆ ಬೆರಳು ಮಡಚಿದೆ. ಅಷ್ಟೇ, ನನ್ನ ಬಾಯೊಳಗೆ ಕಾಕಾ ಬಂದು ಮಾತಾಡಿದರು. ಮೂರು ಸಲ ಕೆಮ್ಮಿದ್ದಕ್ಕೆ ಆಕೆ ನೀರಿನ ಲೋಟ ಮುಂದಿಟ್ಟಳು. ಪಾಸಾದೆ.

ಪೇಢೆ ಹಿಡಿದು ಹೋಗಿ ಕಾಲಿಗೆ ಬಿದ್ದೆ. “ಕಾಕಾ, ನಿಮ್ಮ ದನಿ ಕದ್ದು ಪಾಸಾಗೀನ್ರಿ.”

“ಕಳವಿನ ಮಾಲೇ ಅದು, ತಮ್ಮಾ. ಮಷೀನು ಕೂಡ್ಸಲಾಕ ಬಂದಿದ್ದ ಜರ್ಮನ್ ಫಿಟರಂದು ನಾನೂ ಹಿಂಗೇ ನಕಲು ಮಾಡಿ ಕದ್ದಿದ್ದೆ. ಕೆಮ್ಮಷ್ಟೇ ನಂದು, ಅದು ಇಲ್ಲೇ ಇಟ್ಟು ಹೋಗು.”