ಅಂಜನಾಪುರದ ಪಾರ್ಕಿಗೆ ಒಯ್ದ ತೆಂಗಿನಕಾಯಿ

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನಾನೂ ಮೊಮ್ಮಗಳು ರೇಣುಕಾಳೂ ಸೊರಬದ ಬಸ್ ನಿಲ್ದಾಣಕ್ಕೆ ಬಂದೆವು. ಪಾರ್ಕಿನಲ್ಲಿ ಕೂತು ಊಟ ಮಾಡಿ ಬರುತ್ತೇವೆ ಎಂದು ಬೀದಿಯವರಿಗೆ ಹೇಳಿದ್ದೆ. ಅದು ಅರ್ಧ ನಿಜ. ಶಿಕಾರಿಪುರದಲ್ಲಿರುವ ಅವಳ ಗಂಡ ಮಂಜುನಾಥನೂ ಅಲ್ಲಿಗೆ ಬರುವವನಿದ್ದ. ಎರಡನೆಯ ಸಲವೂ ಬಸಿರು ಇಳಿದ ಮೇಲೆ, ಸುಧಾರಿಸಿಕೊಳ್ಳಲಿ ಎಂದು ಅವಳನ್ನು ನನ್ನ ಮನೆಯಲ್ಲಿ ಬಿಟ್ಟುಹೋದವನು, ಏಳು ತಿಂಗಳಾದರೂ ಕರೆದೊಯ್ಯಲು ಬಂದಿರಲಿಲ್ಲ. ಅವರ ಮನೆಗೇ ಹೋದರೆ ಅವನ ತಾಯಿ ಮಾತಾಡುತ್ತಾಳೆ, ಅವನು ಗೋಡೆ ನೋಡುತ್ತಾನೆ. ಪಾರ್ಕಿನಲ್ಲಿ ಗೋಡೆ ಇರುವುದಿಲ್ಲ ಎಂದು ನಾನೇ ಫೋನು ಮಾಡಿ ಕರೆದಿದ್ದೆ.

ನಸುಕಿನಲ್ಲಿ ಎದ್ದು ಹನ್ನೆರಡು ಅಕ್ಕಿರೊಟ್ಟಿ ತಟ್ಟಿದ್ದೆ. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿದ್ದೆ. ಬುತ್ತಿ ಅನ್ನಕ್ಕೆ ಬರೀ ಮೊಸರು ಕಲೆಸಿದರೆ ಮಧ್ಯಾಹ್ನಕ್ಕೆ ಹುಳಿ ಬರುತ್ತದೆ. ಹಾಲು ಹಾಕಿ ಒಂದು ಚಮಚ ಮೊಸರು ಬಿಟ್ಟರೆ ದಾರಿಯಲ್ಲೇ ಹೆಪ್ಪಾಗುತ್ತದೆ. ಚೀಲದ ಅಡಿಯಲ್ಲಿ, ಅವಳಿಗೆ ಕಾಣದ ಹಾಗೆ, ಒಂದು ತೆಂಗಿನಕಾಯಿ, ಐದು ಹಿಡಿ ಅಕ್ಕಿ, ಒಂದು ಅಚ್ಚು ಬೆಲ್ಲ, ಒಂದು ರವಿಕೆ ಬಟ್ಟೆ ಇಟ್ಟಿದ್ದೆ. ಉಡಿ ತುಂಬದೆ ಹೆಣ್ಣನ್ನು ಗಂಡನ ಮನೆಗೆ ಕಳಿಸುವುದಿಲ್ಲ. ಅವನು ಬಾ ಅಂದರೆ ಅಲ್ಲೇ ಮರದ ಕೆಳಗೆ ಉಡಿ ತುಂಬಿ ಕಳಿಸುವುದು ಎಂದುಕೊಂಡಿದ್ದೆ.

ಸರ್ಕಾರಿ ಬಸ್ಸಿಗೆ ಕಾಯದೆ ಖಾಸಗಿ ಬಸ್ಸು ಹತ್ತಿದೆವು. ಶಿರಾಳಕೊಪ್ಪದ ಮೇಲೆ ಒಂದೂವರೆ ಗಂಟೆಯ ದಾರಿ. ಪಕ್ಕದ ಸೀಟಿನ ಹೆಂಗಸು ನನ್ನ ಚೀಲ ನೋಡಿ ಕೇಳಿದಳು.

"ಎಲ್ಲಿಗ್ರೀ ಅಜ್ಜಿ, ಇಷ್ಟು ದೊಡ್ಡ ಗಂಟು?"

"ಪಾರ್ಕಿಗೆ. ಊಟ ಕಟ್ಕಂಡು."

"ಈ ವಯಸ್ನಾಗೆ ಜೋಕಾಲಿ ಆಡ್ತೀರೇನು?"

"ನೀ ತೂಗೋದಾದ್ರೆ ಆಡ್ತೀನಿ, ಬಾ."

ರೇಣುಕಾ ನಕ್ಕಳು. ಏಳು ತಿಂಗಳಲ್ಲಿ ಅವಳ ಹಲ್ಲು ಕಂಡದ್ದು ಅದೇ ಮೊದಲು.

ಶಿಕಾರಿಪುರದಲ್ಲಿ ಇಳಿದು ಊರೊಳಗಿನ ಪಾರ್ಕಿನ ಬಾಗಿಲಿಗೆ ಹೋಗುವಷ್ಟರಲ್ಲಿ ಮಂಜುನಾಥನ ಫೋನು ಬಂತು. "ಅಲ್ಲಿ ಬ್ಯಾಡ್ರೀ ಅಜ್ಜಿ, ಗುರ್ತಿನೋರು ಇರ್ತಾರೆ. ಅಂಜನಾಪುರಕ್ಕೆ ಬರ್ರಿ, ಡ್ಯಾಮಿನ ಹತ್ರದ ಪಾರ್ಕಿಗೆ."

"ಅದೇ ಚೆಂದ ಅಜ್ಜಿ," ಅಂದಳು ರೇಣುಕಾ. "ಮದ್ವೆಯಾದ ಹೊಸದ್ರಲ್ಲಿ ನನ್ನ ಅಲ್ಲಿಗೇ ಕರ್ಕಂಡು ಹೋಗಿದ್ರು."

ಕಟ್ಟಿಕೊಂಡ ಹೆಂಡತಿಯ ಜೊತೆ ಕೂತು ಉಣ್ಣುವುದನ್ನು ಗುರುತಿನವರಿಂದ ಯಾಕೆ ಮುಚ್ಚಬೇಕು ಎಂದು ನನಗೆ ಆಗ ಹೊಳೆಯಲಿಲ್ಲ. ಆಟೋ ಹತ್ತಿದೆವು.

ಅಂಜನಾಪುರದ ಡ್ಯಾಮಿನಲ್ಲಿ ನೀರು ತುಂಬಿತ್ತು. ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ಒಂದೊಂದು ಮರದ ಕೆಳಗೆ ಒಂದೊಂದು ಸಂಸಾರ ಚಾಪೆ ಹಾಸಿ ಕೂತಿತ್ತು. ಮಂಜುನಾಥ ಬೈಕಿನಲ್ಲಿ ಬಂದ. ಮುಂದೆ ಒಂದು ಉಬ್ಬಿದ ಬ್ಯಾಗು ಇತ್ತು.

"ಹಣ್ಣು ತಂದಾರೆ ಅನ್ಸುತ್ತೆ," ಎಂದು ರೇಣುಕಾ ನನ್ನ ಕಿವಿಯಲ್ಲಿ ಹೇಳಿ, ಸೆರಗು ಸರಿ ಮಾಡಿಕೊಂಡಳು.

ಅವನು ನಾಲ್ಕು ರೊಟ್ಟಿ ತಿಂದ. ಎಣ್ಣೆಗಾಯಿ ಎರಡು ಸಲ ಹಾಕಿಸಿಕೊಂಡ. ಬುತ್ತಿ ಗಟ್ಟಿ ಮೊಸರಾಗಿ ಹೆಪ್ಪಾಗಿತ್ತು, ಅದನ್ನೂ ಉಂಡ. ರೇಣುಕಾ ಬಡಿಸುತ್ತ ತನ್ನ ರೊಟ್ಟಿಯನ್ನು ಸುಮ್ಮನೆ ಹರಿಯುತ್ತಿದ್ದಳು. ಕೈ ತೊಳೆದು ಬಂದವನು ಬ್ಯಾಗನ್ನು ನನ್ನ ಮುಂದೆ ಸರಿಸಿದ.

"ಇವಳ ಸೀರೆ ಎಲ್ಲಾ ಇದ್ರಾಗೆ ಅದಾವ್ರೀ ಅಜ್ಜಿ. ನಮ್ಮವ್ವ ಜೋಡಿಸಿ ಕೊಟ್ಟಾಳೆ. ಬ್ಯಾರೆ ಕಡೆ ಹೆಣ್ಣು ನೋಡ್ಯಾಳೆ."

"ನಿಮ್ಮವ್ವ ನೋಡ್ಲಿ. ನೀವೇನು ನೋಡಿದ್ರಿ?"

ಅವನು ನೀರು ನೋಡಿದ. ಗೋಡೆ ಇಲ್ಲದ ಕಡೆ ನೋಡಲು ನೀರಿರುತ್ತದೆ ಎಂದು ನಾನು ಯೋಚಿಸಿರಲಿಲ್ಲ.

"ಇದನ್ನ ಊಟಕ್ಕೆ ಮೊದ್ಲು ಹೇಳ್ಬೇಕಿತ್ತು," ಅಂದೆ.

"ಹೇಳಿದ್ರೆ ನೀವು ಉಣ್ಣಾಕೆ ಬಿಡ್ತಿರ್ಲಿಲ್ಲ."

"ಬಿಡ್ತಿರ್ಲಿಲ್ಲ."

ರೇಣುಕಾ ಅಳಲಿಲ್ಲ. ಬ್ಯಾಗಿನ ಜಿಪ್ಪು ತೆಗೆದು ಒಂದೊಂದೇ ಸೀರೆ ಎತ್ತಿ ನೋಡಿದಳು. ಮೊದಲ ಬಸಿರಿನಲ್ಲಿ ಅವಳು ಹೆಣೆದಿದ್ದ ಕೂಸಿನ ಟೊಪ್ಪಿಗೆಯನ್ನೂ ಅವರು ಇಟ್ಟುಕೊಂಡಿರಲಿಲ್ಲ. "ನನ್ನ ಹೊಲಿಗೆ ಮಿಷನ್ನು?" ಎಂದು ಕೇಳಿದಳು.

"ಬೈಕ್ನಾಗೆ ಹಿಡಿಲಿಲ್ಲ. ಕಳಿಸ್ತೀನಿ," ಎಂದು ಅವನು ಎದ್ದ. ಪಕ್ಕದ ಮರದ ಕೆಳಗಿನ ಮಕ್ಕಳು ಚೆಂಡು ಉರುಳಿಸಿದರು. ಅದನ್ನು ಕಾಲಿನಿಂದ ಅವರತ್ತ ತಳ್ಳಿ ಬೈಕು ಹತ್ತಿದ.

ಡಬ್ಬಿಗಳನ್ನು ತೊಳೆಯದೆ ಚೀಲಕ್ಕೆ ಹಾಕಿಕೊಂಡು ಹೊರಟೆವು. ವಾಪಸು ಬಸ್ಸಿನಲ್ಲಿ ಸೀಟು ಸಿಕ್ಕಿತು. ಶಿರಾಳಕೊಪ್ಪ ದಾಟಿದ ಮೇಲೆ ನೀರಿನ ಬಾಟಲಿ ಹುಡುಕಲು ಚೀಲಕ್ಕೆ ಕೈ ಹಾಕಿದವಳು ಅಡಿಯಲ್ಲಿದ್ದ ಕಾಯಿ ಮುಟ್ಟಿದಳು. ಕೈ ಅಲ್ಲೇ ನಿಂತಿತು.

"ಅಜ್ಜಿ, ಇದ್ಯಾಕೆ?"

"ನಿನ್ನ ಉಡಿಗೆ."

ಅವಳು ಕೈ ಹೊರಗೆ ತೆಗೆದಳು. ನೀರು ಕುಡಿಯಲಿಲ್ಲ.

ಉಡಿಗೆಂದು ತೆಗೆದ ಅಕ್ಕಿಯನ್ನು ನಮ್ಮಲ್ಲಿ ಮತ್ತೆ ಡಬ್ಬಿಗೆ ಸುರಿಯುವುದಿಲ್ಲ. ಮನೆಗೆ ಬಂದು ಅದನ್ನೇ ಒಲೆಗಿಟ್ಟೆ. ಅವಳು ಬ್ಯಾಗನ್ನು ಮಂಚದ ಕೆಳಗೆ ನೂಕಿ, ಗೋಡೆ ಕಡೆ ಮುಖ ಮಾಡಿ ಮಲಗಿದಳು. ಚಟ್ನಿಗೆಂದು ಕಾಯಿ ಒಡೆದು ನೋಡಿದೆ. ಕೆಟ್ಟಿರಲಿಲ್ಲ. ಬೆಳ್ಳಗೆ, ಗಟ್ಟಿಯಾಗಿ ಇತ್ತು. ಕೆಟ್ಟಿದ್ದರೆ ತಪ್ಪನ್ನು ಅದರ ಮೇಲಾದರೂ ಹಾಕಬಹುದಿತ್ತು.